ಇಲ್ಲದ ಸೇತುವೆಯ ದುರಸ್ತಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮನೆಯಲ್ಲಿ ಗಂಡ ಎದುರಿಗೇ ಹೇಳುತ್ತಾರೆ, ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ಹೇಳುತ್ತಾರೆ, ಸುಳ್ಯದಿಂದ ನಾನು ದಿನಾ ಹತ್ತುವ ಬಸ್ಸಿನ ಕಂಡಕ್ಟರೂ ಒಮ್ಮೆ ಹೇಳಿಯಾಗಿದೆ. ಆದರೆ ಆ ವರ್ಷ ಬಂದಂಥ ಸಿಟ್ಟು ನನ್ನ ಇಷ್ಟು ಕಾಲದ ಟೀಚರಿಕೆಯಲ್ಲಿ ಬಂದದ್ದಿಲ್ಲ. ಮನುಷ್ಯರ ಮೇಲೆ ಬಂದ ಸಿಟ್ಟಾದರೆ ನಾಲ್ಕು ಮಾತು ಬೈದು ಹಗುರಾಗಬಹುದು. ಇದು ಯಾರ ಮೇಲೆ ಬಂದದ್ದೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಗುತ್ತಿಗಾರಿನಿಂದ ಒಳಗೆ ಒಂದು ಸರಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಅರೆಭಾಷೆ ಆಡುವವರು, ಉಳಿದವರದ್ದು ತುಳು, ಬ್ಯಾರಿ, ಮಲಯಾಳ. ಆಟದ ಬಯಲಿನಲ್ಲಿ ಇವೆಲ್ಲವನ್ನೂ ಕಲಸಿ ಮಾತಾಡುತ್ತಾರೆ. ಕನ್ನಡವೆಂದರೆ ಅವರಿಗೆ ಶಾಲೆಯ ಯೂನಿಫಾರ್ಮಿನ ಹಾಗೆ, ಗೇಟಿನ ಒಳಗೆ ಬರುವಾಗ ಹಾಕಿಕೊಳ್ಳುವುದು. ಹಾಗಂತ ಅವರ ಕನ್ನಡ ಕೆಟ್ಟದ್ದಲ್ಲ. ಮೋಟಾಗಿರುತ್ತದೆ, ‘ಉಂಟು’ ಜಾಸ್ತಿ ಇರುತ್ತದೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಹೇಳಬೇಕಾದ್ದು ಅದರಲ್ಲಿ ಇರುತ್ತದೆ. ಪ್ರಬಂಧ ತಿದ್ದುವಾಗ ಕೆಂಪು ಪೆನ್ನು ಹಿಡಿದು ಒಬ್ಬಳೇ ನಗುತ್ತಿದ್ದೆ. ಆ ನಗು ನನ್ನ ಸಂಬಳದ ಒಂದು ಭಾಗ ಎಂದೇ ತಿಳಿದಿದ್ದೆ.

ಆ ನಗು ನಿಂತದ್ದು ಮಕ್ಕಳ ಮನೆಯ ಫೋನುಗಳಿಗೆ ಎಐ ಬಂದ ಮೇಲೆ. ಮಕ್ಕಳು ಅದಕ್ಕೆ ಹೆಸರಿಟ್ಟು ಕರೆಯುವುದಿಲ್ಲ, ‘ಅದು’ ಅನ್ನುತ್ತಾರೆ. ಅದ್ರಲ್ಲಿ ಹಾಕಿದೆ, ಅದ್ರಲ್ಲಿ ಬಂತು, ಅದು ಹೇಳಿತು. ‘ನಮ್ಮ ಮನೆಯ ಹಬ್ಬ’ ಎಂದು ಒಂದು ಪುಟ ಬರೆದುಕೊಂಡು ಬನ್ನಿ ಎಂದಿದ್ದೆ. ಬಂದ ಪುಟಗಳನ್ನು ನೋಡಿದರೆ ನಮ್ಮ ಊರಿನ ಎಲ್ಲ ಮನೆಗಳಲ್ಲಿ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುತ್ತಾರೆ, ಎತ್ತುಗಳನ್ನು ಸಿಂಗರಿಸಿ ಕಿಚ್ಚು ಹಾಯಿಸುತ್ತಾರೆ, ಅಜ್ಜಿಯಂದಿರು ಮುಂಜಾನೆ ಎದ್ದು ಕಬ್ಬಿನ ಜಲ್ಲೆ ಕತ್ತರಿಸುತ್ತಾರೆ. ಗುತ್ತಿಗಾರಿನಲ್ಲಿ ಕಿಚ್ಚು ಹಾಯಿಸಲು ಎತ್ತು ಎಲ್ಲಿಂದ ತರುವುದು? ಒಬ್ಬ ಮುಸ್ಲಿಂ ಬ್ಯಾರಿ ಹುಡುಗನ ಪುಟದಲ್ಲೂ ಅದೇ ಎಳ್ಳುಬೆಲ್ಲ.

“ನಿಮ್ಮ ಮನೆಯಲ್ಲಿ ಎಳ್ಳುಬೆಲ್ಲ ಹಂಚುದಾ ಮಾರಾಯ?” ಎಂದು ಕೇಳಿದೆ.

ಅವನು ಬೇಸರವೇನೂ ಇಲ್ಲದೆ, “ಇಲ್ಲ ಟೀಚರ್. ಅದ್ರಲ್ಲಿ ಹಾಗೆ ಬಂತು,” ಎಂದ.

“ನಿನ್ನ ಹಬ್ಬ ಯಾವುದು?”

“ಪೆರ್ನಾಲ್. ಉಮ್ಮ ನೈಪತ್ತಿರ್ ಮಾಡ್ತಾರೆ. ನಾನು ಕಾಯಿ ತುರಿದು ಕೊಡುದು.”

“ಅದನ್ನೇ ಬರೀಬಾರ್ದಾ?”

“ಅದೆಂತ ಬರೆಯುದು ಟೀಚರ್!” ಎಂದು ನಕ್ಕುಬಿಟ್ಟ. ತನ್ನ ಮನೆಯ ಹಬ್ಬ ಬರೆಯುವಂಥ ವಿಷಯವಲ್ಲ ಎನ್ನುವುದು ಅವನಿಗೆ ಎಷ್ಟು ಖಾತ್ರಿಯಾಗಿತ್ತೆಂದರೆ ನಾನೇ ಏನೋ ತಮಾಷೆ ಮಾಡಿದೆ ಎಂದುಕೊಂಡ. ಆ ದಿನ ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದ್ದಕ್ಕೆ ಗಣಿತದ ಮಾಷ್ಟ್ರು ಎದ್ದು ಹೊರಗೆ ಹೋದರು.

ಈಗ ಆ ಹುಡುಗಿಯ ವಿಷಯ ಹೇಳಬೇಕು.

ಅವಳು ಆಗ ಒಂಬತ್ತನೆಯ ತರಗತಿ. ಅವಳ ಮನೆಗೆ ಹೋಗಬೇಕಾದರೆ ರಸ್ತೆ ಬಿಟ್ಟು ಇಳಿದು ಒಂದು ತೋಡು ದಾಟಬೇಕು. ಬೇಸಿಗೆಯಲ್ಲಿ ಅದು ಪಾದ ಮುಳುಗುವಷ್ಟೇ ನೀರಿರುವ ಸಣ್ಣ ಹಳ್ಳ, ಕಲ್ಲಿನಿಂದ ಕಲ್ಲಿಗೆ ಹಾರಿಕೊಂಡು ಹೋಗಬಹುದು. ಮಳೆಗಾಲದಲ್ಲಿ ಅದರ ಅವತಾರವೇ ಬೇರೆ. ಹಾಗಾಗಿ ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅವಳ ಅಪ್ಪನೂ ಆಚೀಚೆ ಮನೆಯವರೂ ಸೇರಿ ಅಡಿಕೆ ಮರ ಕಡಿದು, ಎರಡು ದಡಕ್ಕೆ ಅಡ್ಡ ಹಾಕಿ, ಒಟ್ಟಿಗೆ ಬಿಗಿದು, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟುತ್ತಾರೆ. ಇದಕ್ಕೆ ನಮ್ಮಲ್ಲಿ ಸಂಕ ಎನ್ನುತ್ತಾರೆ. ಮಳೆ ಮುಗಿಯುವ ಹೊತ್ತಿಗೆ ಅದು ಕೊಳೆತಿರುತ್ತದೆ ಅಥವಾ ನೀರಿನ ಪಾಲಾಗಿರುತ್ತದೆ. ಮುಂದಿನ ವರ್ಷ ಹೊಸತು. ಇದರಲ್ಲಿ ಸರಕಾರದ್ದು ಏನೂ ಇಲ್ಲ, ಯಾರೂ ಕೇಳಿದ್ದೂ ಇಲ್ಲ.

ಆ ವರ್ಷದ ಮಳೆಯಲ್ಲಿ ಅವಳು ಶಾಲೆಗೆ ಬರುತ್ತಿದ್ದಾಗ ಸಂಕದ ಒಂದು ತುದಿ ದಡದಿಂದ ಜಾರಿ ಅವಳು ನೀರಿಗೆ ಬಿದ್ದಳು. ಹಿಂದೆಯೇ ಬರುತ್ತಿದ್ದ ಅಪ್ಪ ಅವಳ ತೋಳು ಹಿಡಿದೆಳೆದು ಉಳಿಸಿದರು. ಬ್ಯಾಗು, ಕೊಡೆ ಎಲ್ಲ ಹೋಯಿತು. ಮತ್ತೆ ಸಂಕ ಹಾಕಿದ ಮೇಲೆ ನಾನು ಬೇರೆ ಪಠ್ಯಪುಸ್ತಕಗಳನ್ನು ಹಿಡಿದುಕೊಂಡು ಅವಳ ಮನೆಗೆ ಹೋದೆ. ಟೀಚರು ಬರುತ್ತಾರೆಂದು ಅವಳು ಈಚೆ ದಡಕ್ಕೆ ಬಂದು ನಿಂತಿದ್ದಳು.

“ಕೆಳಗೆ ನೋಡ್ಬೇಡಿ ಟೀಚರ್. ನನ್ನ ಜಡೆ ನೋಡಿಕೊಂಡು ಬನ್ನಿ,” ಎಂದು ಮುಂದೆ ನಡೆದಳು.

ನಾನು ಕೆಳಗೆ ನೋಡಿದೆ. ನಡುವಿನಲ್ಲಿ ಸೀರೆ ಸಮೇತ ಕೂತುಬಿಟ್ಟೆ. ಕೂತಲ್ಲಿಂದ ಮುಂದಕ್ಕೆ ಮಕ್ಕಳಂತೆ ಜಾರುತ್ತಾ ದಾಟಿದೆ, ಅವಳು ನನ್ನ ಕೈ ಹಿಡಿದು ನಗು ತಡೆಯಲಾರದೆ ಒದ್ದಾಡುತ್ತಿದ್ದಳು. ಆಚೆ ದಡದಲ್ಲಿ ಅವಳ ಅಪ್ಪ ಮಾತ್ರ ನಗಲಿಲ್ಲ.

“ಹತ್ತನೇ ಕ್ಲಾಸಿಗೆ ಇವಳನ್ನು ಕಡಬದಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಡುದು ಅಂತ ಇದ್ದೇನೆ ಟೀಚರ್. ಅಲ್ಲಿಯೇ ಶಾಲೆಗೆ ಹೋಗ್ಲಿ. ಇಲ್ಲಿ ಇನ್ನೊಂದು ಮಳೆಗಾಲ ನನ್ನಿಂದ ಆಗುದಿಲ್ಲ,” ಎಂದರು. “ಸರಿಯಾದ್ದೊಂದು ಸಂಕ ಆದ್ರೆ ಬೇರೆ ಮಾತು.”

ಹಿಂದಿರುಗುವಾಗ ಅವಳು ರಸ್ತೆಯವರೆಗೆ ಬಂದಳು. “ಅತ್ತೆ ಮನೆ ಎಷ್ಟಾದ್ರೂ ಅತ್ತೆ ಮನೆ ಅಲ್ವಾ ಟೀಚರ್? ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ,” ಎಂದಳು. ಅಷ್ಟು ಹೇಳಿ ಕಣ್ಣು ತುಂಬಿಕೊಂಡಳು. ಆಗ ನನಗೆ ಮಕ್ಕಳ ಗ್ರಾಮಸಭೆಯ ನೆನಪಾಯಿತು.

ವರ್ಷಕ್ಕೊಮ್ಮೆ ಪಂಚಾಯತಿನವರು ಊರಿನ ಶಾಲೆಗಳ ಮಕ್ಕಳನ್ನು ಒಟ್ಟು ಸೇರಿಸಿ ಅವರ ಕಷ್ಟ ಕೇಳುವ ಸಭೆ ಅದು. ಅಧ್ಯಕ್ಷತೆಗೆ ಮಕ್ಕಳಲ್ಲೇ ಒಬ್ಬರನ್ನು ಕೂರಿಸುತ್ತಾರೆ. ದೊಡ್ಡವರು ಉತ್ತರ ಕೊಡಬಹುದೇ ಹೊರತು ಮಕ್ಕಳ ಪರವಾಗಿ ಟೀಚರುಗಳು ಬಾಯಿ ಹಾಕುವ ಹಾಗಿಲ್ಲ. ಒಳ್ಳೆಯ ಪದ್ಧತಿಯೇ, ಇಲ್ಲವಾದರೆ ನಮ್ಮಂಥವರು ಮೈಕು ಬಿಡುವವರಲ್ಲ. ಹಿಂದೆ ಒಂದು ಶಾಲೆಯ ಹುಡುಗಿಯರು ಶೌಚಾಲಯದ ಬಾಗಿಲಿನ ವಿಷಯ ಎತ್ತಿ, ಒಂದೇ ತಿಂಗಳಲ್ಲಿ ಹೊಸ ಬಾಗಿಲು ಬಂದದ್ದನ್ನು ನಾನು ಕಣ್ಣಾರೆ ಕಂಡವಳು.

“ನೀನು ಅಲ್ಲಿ ಇದನ್ನು ಹೇಳು,” ಎಂದೆ. ಅವಳು ಹೆದರಿದಳು. ಆದರೆ ಮಳೆಗಾಲ ಕಳೆದು ಸಭೆಯ ದಿನ ಹತ್ತಿರ ಬಂದಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಳು. ಅದು ನನಗೆ ಬಾಯಿಪಾಠ ಆಗಿದೆ:

‘ನಮ್ಮ ಮನೆಗೆ ಬರುವಲ್ಲಿ ಒಂದು ತೋಡು ಉಂಟು. ಮಳೆಗಾಲಕ್ಕೆ ಮೊದಲು ಅಪ್ಪ ಮತ್ತು ಹತ್ತಿರದ ಮನೆಯವರು ಅಡಿಕೆ ಮರದ ಸಂಕ ಹಾಕುದು. ನೀರು ಜಾಸ್ತಿ ಬಂದರೆ ಅದು ಹೋಗ್ತದೆ. ಮತ್ತೆ ನಾನು ಶಾಲೆಗೆ ಬರ್ಲಿಕ್ಕೆ ಆಗುದಿಲ್ಲ. ಈ ವರ್ಷ ನಾನು ಬಿದ್ದೆ. ನಮಗೆ ಕಾಂಕ್ರೀಟಿನ ಒಂದು ಸಣ್ಣ ಸಂಕ ಬೇಕು. ನಡೆದುಕೊಂಡು ಹೋಗುವಷ್ಟು ಅಗಲ ಸಾಕು.’

ಒಂದಕ್ಷರ ತಿದ್ದಲಿಲ್ಲ. ಇದನ್ನೇ ಓದು, ಜೋರಾಗಿ ಓದು ಎಂದೆ. ಮರುದಿನ ನನ್ನನ್ನು ಪುತ್ತೂರಿಗೆ ಎರಡು ದಿನದ ತರಬೇತಿಗೆ ಹಾಕಿದರು. ಯಾವ ತರಬೇತಿ ಎಂದರೆ, ಪಾಠದಲ್ಲಿ ಎಐ ಬಳಸುವುದು ಹೇಗೆ ಎಂಬುದು! ಕಲಿಸಲು ಬಂದವರು ಪರದೆಯ ಮೇಲೆ ತೋರಿಸಿದರು. ಒಂದು ಸಾಲು ಹಾಕಿದರೆ ಪಾಠಯೋಜನೆ ಪೂರ್ತಿ ಬಂತು, ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲ. ಯಾರೂ ಓದದ ಆ ಪಾಠಯೋಜನೆ ಬರೆದು ಬರೆದು ಕೈ ನೋಯಿಸಿಕೊಂಡ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಬೇಕು. ಬೆಟ್ಟಂಪಾಡಿಯ ತವರು ಮನೆಯಲ್ಲಿ ಆ ರಾತ್ರಿ ಉಳಿದು, ತರಬೇತಿ ಮುಗಿಸಿ, ಹುಡುಗಿಯ ಹಾಳೆಯ ವಿಷಯದಲ್ಲಿ ನಿಶ್ಚಿಂತೆಯಿಂದಲೇ ಇದ್ದೆ.

ನಾನು ಇಲ್ಲದ ಹೊತ್ತಿನಲ್ಲಿ ಹೆಡ್‌ಮಾಷ್ಟ್ರು ಆ ಹಾಳೆ ನೋಡಿದ್ದಾರೆ. ಕೆಟ್ಟ ಮನುಷ್ಯರಲ್ಲ ಅವರು, ಶಾಲೆಯ ಮರ್ಯಾದೆ ಎಂದರೆ ಜೀವ. “ಇದೆಂತ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಬರ್ದಿದ್ದಿ? ತಾಲೂಕಿನಿಂದೆಲ್ಲ ಬರ್ತಾರೆ. ಫೋನಿನಲ್ಲಿ ಹಾಕಿ ಸ್ವಲ್ಪ ಚಂದ ಮಾಡಿಸು,” ಎಂದಿದ್ದಾರೆ. ಅವಳು ಮನೆಯ ಹಿಂದಿನ ಗುಡ್ಡೆ ಹತ್ತಿ, ನೆಟ್‌ವರ್ಕ್ ಸಿಗುವ ಗೇರುಮರದ ಬುಡದಲ್ಲಿ ನಿಂತು, ಅಮ್ಮನ ಫೋನಿನಲ್ಲಿ ಚಂದ ಮಾಡಿಸಿದ್ದಾಳೆ.

ಸಭೆಯ ದಿನ ಪಂಚಾಯತಿನ ಸಭಾಭವನ ತುಂಬಿತ್ತು. ನಾವು ಟೀಚರುಗಳು ಹಿಂದಿನ ಸಾಲಿನಲ್ಲಿ. ವೇದಿಕೆಯಲ್ಲಿ ಪಂಚಾಯತಿನ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಘಟ್ಟದ ಮೇಲಿನ ಯುವಕ, ಇಲ್ಲಿಗೆ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಹುಡುಗಿಯ ವಾರ್ಡಿನ ಸದಸ್ಯರು ಸಂಪಾಜೆಯಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಅವಳ ಸರದಿ ಬಂತು. ಎರಡು ಜಡೆ ಹಾಕಿಕೊಂಡು, ಹಾಳೆ ಹಿಡಿದು ಎದ್ದು ನಿಂತಳು. ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

“ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯ ಮಹನೀಯರೇ,” ಎಂದು ಶುರುಮಾಡಿದಳು. ಅದು ನಾನು ಓದಿದ್ದ ಹಾಳೆಯಲ್ಲ. “ಇಂದಿನ ವೇಗದ ಯುಗದಲ್ಲಿ ಸುಗಮ ಸಂಪರ್ಕವು ಗ್ರಾಮೀಣಾಭಿವೃದ್ಧಿಯ ಬೆನ್ನೆಲುಬಾಗಿದೆ. ನಮ್ಮ ಗ್ರಾಮದ ಸೇತುವೆಯು ಹಲವಾರು ವರ್ಷಗಳಿಂದ ಶಿಥಿಲಾವಸ್ಥೆಯಲ್ಲಿದ್ದು, ತಡೆಗೋಡೆಗಳು ಕುಸಿದಿದ್ದು, ವಿದ್ಯಾರ್ಥಿಗಳು ಹಾಗೂ ವಾಹನ ಸವಾರರು ಪ್ರಾಣಭಯದಿಂದ ಸಂಚರಿಸುವಂತಾಗಿದೆ. ಆದ್ದರಿಂದ ಸದರಿ ಸೇತುವೆಯನ್ನು ತುರ್ತಾಗಿ ದುರಸ್ತಿಗೊಳಿಸಿ ಸುಸ್ಥಿರ ಭವಿಷ್ಯಕ್ಕೆ ನಾಂದಿ ಹಾಡಬೇಕಾಗಿ ವಿನಮ್ರವಾಗಿ ವಿನಂತಿಸುತ್ತೇನೆ.”

ತೋಡಿಲ್ಲ, ಅಪ್ಪ ಇಲ್ಲ, ಅಡಿಕೆ ಮರ ಇಲ್ಲ, ಬಿದ್ದದ್ದೂ ಇಲ್ಲ. ಸೈಕಲ್ ಕೂಡ ಹೋಗದ ಜಾಗದಲ್ಲಿ ವಾಹನ ಸವಾರರು ಸಂಚರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು.

ಪಿಡಿಒ ಒಳ್ಳೆಯವರೇ. ಬರೆದುಕೊಂಡು ಸುಮ್ಮನಾಗುವವರಲ್ಲ. ಮನೆ ಎಲ್ಲಿ ಎಂದು ಕೇಳಿದರು, ಅವಳು ಹೇಳಿದಳು. ಪಕ್ಕದವರ ಹತ್ತಿರ ವಿಚಾರಿಸಿ, ಕಡತ ತಿರುವಿ, “ಅಲ್ಲಿ ನಮ್ಮದು ಯಾವ ಸೇತುವೆನೂ ಇಲ್ವಲ್ಲ ಪುಟ್ಟಾ. ಗಾಡಿ ಹೋಗೋ ರಸ್ತೆನೇ ಇಲ್ಲ ಅಂತಿದಾರೆ. ಯಾವ ಸೇತುವೆ ರಿಪೇರಿ ಮಾಡ್ಬೇಕು, ಹೇಳು,” ಎಂದರು.

ಇದೇ ಆ ಕ್ಷಣ. ಸಂಕ ಸಾರ್, ಅಡಿಕೆ ಮರದ್ದು, ನಾವೇ ಹಾಕುದು ಎಂದರೆ ಮುಗಿಯಿತು. ನಾನು ಅರ್ಧ ಎದ್ದೆ. ಪಕ್ಕದ ಶಾಲೆಯ ಟೀಚರು ಸೆರಗು ಹಿಡಿದು ಕೂರಿಸಿದರು. ಕೂತಲ್ಲಿಂದಲೇ ಕೈಯಲ್ಲಿ ಗಾಳಿಯಲ್ಲಿ ಮರ ಅಡ್ಡ ಹಾಕಿ ತೋರಿಸಿದೆ, ಬಿದಿರು ಹಿಡಿದು ತೋರಿಸಿದೆ. ಅವಳು ನನ್ನನ್ನು ನೋಡಿದಳು, ಹಾಳೆ ನೋಡಿದಳು, ಹಾಳೆಯ ಹಿಂಬದಿಯನ್ನೂ ನೋಡಿದಳು. ತೋಡಿನ ನಡುವೆ ನನ್ನ ಕೈ ಹಿಡಿದು ನಗುತ್ತಾ ದಾಟಿಸಿದ ಹುಡುಗಿ ಅಲ್ಲಿ ಹಾಳೆಯಲ್ಲೇ ಉತ್ತರ ಹುಡುಕಿದಳು.

“ಅದು... ಅದ್ರಲ್ಲಿ ಹಾಗೆ ಬಂತು ಸಾರ್,” ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಪಿಡಿಒ ಕೂಡ ನಕ್ಕು, “ಪರವಾಗಿಲ್ಲ, ಕೂತ್ಕೋ,” ಎಂದರು. ಮುಂದಿನ ಮಗು ಬೀದಿದೀಪದ ಬಗ್ಗೆ ಎದ್ದು ನಿಂತಿತು. ನನಗೆ ಎದುರಿನ ಕುರ್ಚಿ ಎತ್ತಿ ಎಸೆಯಬೇಕೆನಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಕೊನೆಯಲ್ಲಿ ಮಾತಾಡಿದ ಮುಖ್ಯ ಅತಿಥಿಗಳು ಹಳ್ಳಿಯ ಮಕ್ಕಳ ಬಾಯಲ್ಲಿ ಇಂಥ ಶುದ್ಧ ಕನ್ನಡ ಕೇಳಿ ಕಿವಿ ತಂಪಾಯಿತು ಎಂದರು. ಉತ್ತಮ ಮಂಡನೆ ಎಂದು ಅವಳಿಗೇ ಬಹುಮಾನ, ಒಂದು ಸ್ಟೀಲಿನ ಬುತ್ತಿ ಡಬ್ಬಿ. ಹೆಡ್‌ಮಾಷ್ಟ್ರು ಫೋಟೊ ತೆಗೆದು ಶಾಲೆಯ ಗ್ರೂಪಿಗೆ ಹಾಕಿದರು. ಫೋಟೊದಲ್ಲಿ ಅವಳ ಮುಖ ನೋಡಿದವರಿಗೆ ಬಹುಮಾನ ಸಿಕ್ಕಿದ್ದೋ ಪೆಟ್ಟು ಸಿಕ್ಕಿದ್ದೋ ಎಂದು ತಿಳಿಯುವಂತಿರಲಿಲ್ಲ.

ಹೊರಗೆ ಅವಳನ್ನು ಹಿಡಿದು ನಿಲ್ಲಿಸಿದೆ. “ಎಂತಕ್ಕೆ ಬದಲಿಸಿದ್ದು ಮಾರಾಯ್ತಿ? ನಿನ್ನದೇ ಸರಿ ಇತ್ತಲ್ಲ!”

“ಹೆಡ್‌ಮಾಷ್ಟ್ರು ಹೇಳಿದ್ರು ಟೀಚರ್. ಮತ್ತೆ ನನ್ನದು ಸರಿ ಇರ್ಲಿಲ್ಲ.”

“ಸರಿ ಇರ್ಲಿಲ್ಲ ಅಂತ ಯಾರು ಹೇಳಿದ್ದು?”

ಅವಳು ಬುತ್ತಿಯ ಮುಚ್ಚಳ ತಿರುಗಿಸುತ್ತಾ ಹೇಳಿದಳು, “ಅದ್ರಲ್ಲಿ ಹಾಕಿದ ಕೂಡ್ಲೆ ಎಲ್ಲ ಬದಲಾಯ್ತಲ್ಲ ಟೀಚರ್. ಒಂದು ಸಾಲೂ ಇಟ್ಟುಕೊಳ್ಳಲಿಲ್ಲ. ಸರಿ ಇದ್ದಿದ್ರೆ ಬದಲಾಗ್ತಿತ್ತಾ?”

ಒಂದು ತಪ್ಪು ತಿದ್ದಿದರೆ ಮಗು ತಾನು ಎಲ್ಲಿ ತಪ್ಪಿದೆ ಎಂದು ನೋಡುತ್ತದೆ. ಎಲ್ಲವನ್ನೂ ಅಳಿಸಿ ಚಂದದ್ದೊಂದನ್ನು ಕೈಗಿತ್ತರೆ ತಾನೇ ತಪ್ಪು ಎಂದು ತಿಳಿಯುತ್ತದೆ. ಅವಳ ಮೇಲೆ ಸಿಟ್ಟು ಮಾಡಲು ಜಾಗವೇ ಉಳಿಯಲಿಲ್ಲ. ಹೆಡ್‌ಮಾಷ್ಟ್ರ ಹತ್ತಿರ ಜಗಳ ಮಾಡಿದೆ. “ನಾನು ಚಂದ ಮಾಡಿಸು ಅಂದದ್ದು ಟೀಚರೇ, ಸುಳ್ಳು ಬರೆಸು ಅಂತ ಹೇಳಿದ್ದಲ್ಲ,” ಎಂದರು. ಅದೂ ನಿಜವೇ. ಸುಳ್ಳು ಹೇಳಬೇಕೆಂದು ಯಾರಿಗೂ ಇರಲಿಲ್ಲ. ಅದಕ್ಕೇ ನನ್ನ ಮೈ ಇನ್ನೂ ಉರಿಯಿತು.

ಮತ್ತಿನ ವಾರ ಪಂಚಾಯತಿಗೆ ಹೋಗಿ ಪಿಡಿಒ ಎದುರು ಕೂತು ಸಂಕ ಎಂದರೆ ಏನೆಂದು ವಿವರಿಸಿದೆ. ಪಾಪ, ಬೈಕು ಹತ್ತಿ ಬಂದೇ ಬಿಟ್ಟರು. ಬೇಸಿಗೆ ಕಾಲ. ತೋಡಿನಲ್ಲಿ ಪಾದ ಮುಳುಗುವಷ್ಟು ನೀರು, ಅದರಲ್ಲಿ ಎರಡು ಬಾತುಕೋಳಿ. ಸಂಕದ ಗುರುತು ಎಂದು ತೋರಿಸಲು ದಡದಲ್ಲಿ ಕೊಳೆತ ಒಂದು ಬಿದಿರಿನ ತುಂಡು. ಅವರು ಪ್ಯಾಂಟು ಕೂಡ ಮಡಚದೆ ಕಲ್ಲಿನ ಮೇಲೆ ಹಾರಿ ಆಚೆ ಹೋಗಿ, ಈಚೆ ಬಂದರು.

“ಇದಾ ಮೇಡಂ?” ಎಂದರು.

“ಜುಲೈಯಲ್ಲಿ ಬನ್ನಿ,” ಎಂದೆ.

“ನೀವು ಹೇಳೋದು ನಂಬ್ತೀನಿ. ಆದ್ರೆ ಸಭೆಯ ನಡಾವಳಿಯಲ್ಲಿ ದುರಸ್ತಿ ಅಂತಿದೆ, ಸೇತುವೆ ಇಲ್ಲ ಅಂತ ಕೈಬಿಟ್ಟಾಯ್ತು. ಈ ಸಲದ ಕಾಮಗಾರಿಗಳು ಮೇಲಕ್ಕೆ ಹೋಗಿವೆ. ಮುಂದಿನ ಸಲ ಆ ಮಗು ಹೊಸದು ಬೇಕು ಅಂತ ಕೇಳ್ಲಿ, ನಾನೇ ಮುಂದೆ ನಿಂತು ಹಾಕಿಸ್ತೀನಿ.”

ಮುಂದಿನ ಸಲ ಆ ಮಗು ಇಲ್ಲಿ ಇರುವುದಿಲ್ಲ ಎಂದು ಹೇಳಿದೆ. ಅವರು ತೋಡನ್ನೇ ನೋಡುತ್ತಾ ನಿಂತರು. ಬಾತುಕೋಳಿಗಳು ಅವರ ಬೂಟಿನ ಹತ್ತಿರವೇ ಈಜಿಕೊಂಡಿದ್ದವು.

ಹುಡುಗಿ ಕಡಬಕ್ಕೆ ಹೋಗುವುದಿಲ್ಲವೆಂದು ಹಟ ಹಿಡಿದಳು. ನಾನೂ ಅಪ್ಪನ ಹತ್ತಿರ ಮಾತಾಡಿದೆ. ಒಂದು ಮಳೆಗಾಲ ನೋಡುವ, ಸಂಕ ಇನ್ನೂ ಗಟ್ಟಿಯಾಗಿ ಹಾಕ್ತೇನೆ, ಅದು ನಿಂತರೆ ಇಲ್ಲಿಯೇ ಇರಲಿ ಎಂದು ಅವರು ಒಪ್ಪಿದರು. ಮೇ ತಿಂಗಳಲ್ಲಿ ಹೊಸ ಸಂಕ ಹಾಕಿದರು. ಶಾಲೆ ಶುರುವಾದಾಗ ಅವಳು ಹತ್ತನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಬಂದು ಕೂತಳು. ಬೆಳಿಗ್ಗೆ ಬಸ್ಸಿನಲ್ಲಿ ಮಳೆ ನೋಡುತ್ತಾ ಬರುವಾಗ ನನಗೆ ಅವಳದೇ ಯೋಚನೆ. ಕ್ಲಾಸಿಗೆ ಕಾಲಿಟ್ಟ ಕೂಡಲೇ ಮೊದಲು ಆ ಎರಡು ಜಡೆ ಹುಡುಕುತ್ತಿದ್ದೆ.

ಒಂದು ದಿನ ಬಸ್ಸಿನಲ್ಲೇ ನನ್ನ ಫೋನಿಗೆ ಅವಳ ಅಮ್ಮನ ನಂಬರಿನಿಂದ ಸಂದೇಶ ಬಂತು. ‘ಗೌರವಾನ್ವಿತ ಶಿಕ್ಷಕಿಯವರೇ, ಪ್ರತಿಕೂಲ ಹವಾಮಾನ ಪರಿಸ್ಥಿತಿ ಹಾಗೂ ಕೆಲವು ಅನಿವಾರ್ಯ ಕಾರಣಗಳಿಂದಾಗಿ ನಾನು ಇಂದಿನಿಂದ ಶಾಲೆಗೆ ಹಾಜರಾಗಲು ಅಸಮರ್ಥಳಾಗಿದ್ದೇನೆ. ತಾವು ಇದುವರೆಗೆ ನೀಡಿದ ಮಾರ್ಗದರ್ಶನಕ್ಕೆ ಹೃತ್ಪೂರ್ವಕ ಧನ್ಯವಾದಗಳು.’

ಓದಿ ಮೊದಲು ಬಂದದ್ದು ಸಿಟ್ಟೇ. ಕೂಡಲೇ ಫೋನು ಮಾಡಿದೆ. ಗೇರುಮರದ ಬುಡದಲ್ಲೇ ಇನ್ನೂ ನಿಂತಿದ್ದಳೇನೋ, ಅವಳೇ ಎತ್ತಿದಳು.

“ಎಂತಾಯ್ತು?”

“ಸಂಕ ಹೋಯ್ತು ಟೀಚರ್.”

ಬಸ್ಸು ತಿರುವಿನಲ್ಲಿ ವಾಲಿತು. ನಾನು ಕಂಬಿ ಹಿಡಿದೆ.

“ಬೆಳಿಗ್ಗೆ ನೋಡುವಾಗ ಇರ್ಲಿಲ್ಲ. ನೀರು ಇಳಿದ ಮೇಲೆ ಅಪ್ಪ ಕಡಬಕ್ಕೆ ಬಿಡ್ತಾರೆ,” ಎಂದಳು. ಅಳುತ್ತಿರಲಿಲ್ಲ, ಅತ್ತು ಮುಗಿದ ಧ್ವನಿ ಅದು.

“ಇದನ್ನೇ ನನಗೆ ಬರೀಬಾರ್ದಿತ್ತಾ ಮಗಾ? ಸಂಕ ಹೋಯ್ತು ಅಂತ?”

ಅವಳು ನನಗೆ ತಿಳಿಸಿ ಹೇಳುವವಳ ಹಾಗೆ, “ಅದೆಲ್ಲ ಬರೆಯುವಂಥದ್ದು ಅಲ್ವಲ್ಲ ಟೀಚರ್,” ಎಂದಳು. ಅವಳ ಹಿಂದೆ ತೋಡಿನ ಸದ್ದು ಜೋರಾಗಿ ಕೇಳುತ್ತಿತ್ತು.